ಹಸುವಿನ ಭ್ರೂಣ, ಲ್ಯಾಬಿನಲ್ಲಿ ಏಳು ದಿನ: ಐವಿಎಫ್ ಆದಮೇಲೆ ಬ್ಲಾಸ್ಟೊಸಿಸ್ಟ್‌ವರೆಗೆ ಬೆಳೆಸುವ ಸಮಗ್ರ ಮಾರ್ಗದರ್ಶಿ

ಲ್ಯಾಬಿಗೆ ಹೊಸದಾಗಿ ಬಂದವರೆಲ್ಲ ಮೊದಲ ವಾರ ಮಾಡುವ ತಪ್ಪು ಒಂದೇ. ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡುವುದು. ಬೆಳಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಮನೆಗೆ ಹೊರಡುವಾಗ ಇನ್ನೊಮ್ಮೆ. ನಾನೂ ಮಾಡಿದ್ದೇನೆ. ರಾತ್ರಿ ಹೆಪ್ಪು ಹಾಕಿದ ಹಾಲನ್ನು ಗಂಟೆಗೊಮ್ಮೆ ಅಲ್ಲಾಡಿಸಿ ನೋಡಿದರೆ ಮೊಸರು ಗಟ್ಟಿಯಾಗುತ್ತದಾ? ಭ್ರೂಣದ ವಿಷಯವೂ ಹಾಗೆಯೇ. ಈ ಕೆಲಸದಲ್ಲಿ ಮುಕ್ಕಾಲು ಪಾಲು ತಯಾರಿ. ಉಳಿದ ಕಾಲು ಪಾಲು ಸುಮ್ನೆ ಬಿಡುವುದು.

ಇದು ಪಶುವೈದ್ಯರಿಗೆ, ಎಂವಿಎಸ್‌ಸಿ ಓದುತ್ತಿರುವವರಿಗೆ, ಭ್ರೂಣ ಲ್ಯಾಬಿನಲ್ಲಿ ಹೊಸದಾಗಿ ಸೇರಿದವರಿಗೆ ಬರೆದದ್ದು. ಹಸುವಿನಿಂದ ಅಂಡ ತೆಗೆದಾಗಿದೆ, 22–24 ಗಂಟೆ ಬಲಿಸಿಯಾಗಿದೆ, ವೀರ್ಯ ಸೇರಿಸಿಯಾಗಿದೆ. ಅಂದರೆ ಐವಿಎಫ್, ಹಸುವಿನ ಮೈಯ ಹೊರಗೆ ಅಂಡ ಫಲಗೊಳಿಸುವುದು, ಮುಗಿದಿದೆ. ಅಲ್ಲಿಂದ ಮುಂದೆ, ಹಸುವಿನ ಗರ್ಭಕ್ಕೆ ಹಾಕಲು ತಯಾರಾದ ಏಳನೇ ದಿನದ ಭ್ರೂಣ, ಅಂದರೆ ಬ್ಲಾಸ್ಟೊಸಿಸ್ಟ್, ಆಗುವವರೆಗಿನ ಕಥೆ ಇಲ್ಲಿದೆ. ಮನೆಯಲ್ಲಿ ಮಾಡುವ ಕೆಲಸವಂತೂ ಅಲ್ಲ. ಆದರೆ ತಮ್ಮ ಕೊಟ್ಟಿಗೆಯ ಹಸುವಿನಿಂದ ಅಂಡ ಕೊಟ್ಟ ರೈತರಿಗೆ ಆ ಏಳು ದಿನ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಬೇಕು ಅನ್ನಿಸಿದರೆ, ಅವರೂ ಓದಬಹುದು.

ಅಂಡ ಎಲ್ಲಿಂದ ಬಂತು ಅನ್ನುವುದು ಮೊದಲು

ವಿದೇಶದ ಪುಸ್ತಕಗಳಲ್ಲಿ ಕಸಾಯಿಖಾನೆಯಿಂದ ಅಂಡಾಶಯಗಳನ್ನು ಥರ್ಮಾಸ್‌ನಲ್ಲಿ ತಂದು, ಒಂದೇ ದಿನ ನೂರಾರು ಅಂಡ ತೆಗೆಯುವ ವಿವರ ಇರುತ್ತದೆ. ನಮ್ಮಲ್ಲಿ ಹಸುವಿನ ಮಟ್ಟಿಗೆ ಆ ದಾರಿ ಇಲ್ಲ. ಕರ್ನಾಟಕದ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಜಾನುವಾರು ಕಡಿಯುವಂತಿಲ್ಲ. ಹಾಗಾಗಿ ಕಲಿಯಲು ಎಮ್ಮೆಯ ಅಂಡ, ಕೆಲಸಕ್ಕೆ ಬದುಕಿರುವ ಹಸುವಿನಿಂದ ಸ್ಕ್ಯಾನ್ ನೋಡಿಕೊಂಡು ಸೂಜಿಯಲ್ಲಿ ತೆಗೆದ ಅಂಡ. ಈ ಎರಡನೆಯದಕ್ಕೆ ಒಪಿಯು ಅನ್ನುತ್ತಾರೆ. ಹಸುಗಳಲ್ಲಿ ಇದು 1980ರ ದಶಕದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡ ವಿಧಾನ.

ಇದರಿಂದ ಬೆಳೆಸುವ ಕೆಲಸವೂ ಬದಲಾಗುತ್ತದೆ. ಕಸಾಯಿಖಾನೆ ಅಂಡಗಳಾದರೆ ಎಲ್ಲವನ್ನೂ ಒಟ್ಟಿಗೆ ಹಾಕಬಹುದು. ಒಪಿಯುನಲ್ಲಿ ಒಂದು ಹಸುವಿನಿಂದ ಆರೋ ಎಂಟೋ ಅಂಡ ಸಿಗಬಹುದು, ಇಪ್ಪತ್ತೂ ಸಿಗಬಹುದು. ಗೌರಿಯ ಅಂಡ ಲಕ್ಷ್ಮಿಯ ಅಂಡದ ಜೊತೆ ಬೆರೆಯಬಾರದು. ಪ್ರತಿ ಹಸುವಿಗೂ ಮೀಡಿಯಾದ (ಭ್ರೂಣ ಬೆಳೆಸುವ ದ್ರವದ) ಬೇರೆ ಹನಿ, ಬೇರೆ ಗುರುತು. ಗಿರ್, ಸಾಹಿವಾಲ್‌ನಂಥ ಡುಬ್ಬದ ತಳಿಗಳು ಎಚ್‌ಎಫ್‌ಗಿಂತ (ಹೋಲ್‌ಸ್ಟೀನ್ ಫ್ರೀಸಿಯನ್) ಜಾಸ್ತಿ ಅಂಡ ಕೊಡುತ್ತವೆ. ಭಾರತದಿಂದ ಹೋದ ಗಿರ್ ತಳಿಯನ್ನು ಬ್ರೆಜಿಲ್‌ನವರು ಐವಿಎಫ್‌ನಲ್ಲಿ ಅಷ್ಟು ದೊಡ್ಡ ಮಟ್ಟದಲ್ಲಿ ಬೆಳೆಸಿದ್ದಕ್ಕೆ ಇದೂ ಒಂದು ಕಾರಣ.

ದಿನ ಎಣಿಸುವುದು ಹೇಗೆ

ಅಂಡಕ್ಕೆ ವೀರ್ಯ ಸೇರಿಸಿದ ದಿನ ಸೊನ್ನೆ. ಒಂದಲ್ಲ. ಇದನ್ನು ತಪ್ಪಾಗಿ ಬರೆದುಕೊಂಡರೆ ಭ್ರೂಣ ಒಂದು ದಿನ ಹಿಂದಿದೆ ಅಂತ ಕೊರಗುತ್ತೀರಿ, ಅಥವಾ ಭ್ರೂಣ ಹೊರುವ ಹಸುವಿನ ಬೆದೆ ದಿನವನ್ನೇ ತಪ್ಪಾಗಿ ಲೆಕ್ಕ ಹಾಕುತ್ತೀರಿ.

ನನಗೆ ಹಿಡಿಸಿದ ವಾರದ ಲೆಕ್ಕ ಇದು. ಸೋಮವಾರ ಒಪಿಯು. ಮಂಗಳವಾರ ವೀರ್ಯ ಸೇರಿಸುವುದು, ಅದು ಸೊನ್ನೆ. ಬುಧವಾರ ಬೆಳಗ್ಗೆ ಅಂಡಗಳ ಸುತ್ತ ಅಂಟಿದ ಕೋಶ ತೆಗೆದು ಬೆಳೆಸುವ ಡಿಶ್‌ಗೆ ಹಾಕುವುದು. ಶುಕ್ರವಾರ ಎಷ್ಟು ಒಡೆದಿವೆ, ಅಂದರೆ ಒಂದು ಕೋಶ ಎರಡು, ನಾಲ್ಕು, ಎಂಟಾಗಿವೆ, ಅಂತ ನೋಡುವುದು. ಮುಂದಿನ ಮಂಗಳವಾರ ಏಳನೇ ದಿನ. ಭಾನುವಾರ ಬೀಳುವುದು ಐದನೇ ದಿನಕ್ಕೆ. ಅವತ್ತು ಮುಟ್ಟಲೇಬೇಕಾದ ಕೆಲಸ ಇಲ್ಲದಂತೆ ಮಾಡಿಕೊಂಡರೆ ನಿಮಗೂ ಒಳ್ಳೆಯದು, ಭ್ರೂಣಕ್ಕೂ ಒಳ್ಳೆಯದು.

ಭ್ರೂಣ ಹೊರುವ ಹಸು ಅಥವಾ ಕಡಸು ಈ ಸೊನ್ನೆ ದಿನದ ಆಸುಪಾಸಿನಲ್ಲೇ ಬೆದೆಗೆ ಬಂದಿರಬೇಕು. ಒಂದು ದಿನ ಹಿಂದೆ ಮುಂದೆ ಆದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಗಬ್ಬ ನಿಲ್ಲುವ ಸಾಧ್ಯತೆ ಇಳಿಯುತ್ತದೆ.

ಗಾಳಿ, ಬಿಸಿ, ಹುಳಿ

ಭ್ರೂಣ ಹಾಳಾಗುವುದು ಹೆಚ್ಚಾಗಿ ಕಣ್ಣಿಗೆ ಕಾಣದ ವಿಷಯಗಳಿಂದ. ಆದ್ದರಿಂದ ಈ ಭಾಗವನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್. ಹಸುವಿನ ಮೈಬಿಸಿ ಎಷ್ಟೋ ಅಷ್ಟೇ. ಮನುಷ್ಯರ ಐವಿಎಫ್ ಲ್ಯಾಬಿನಿಂದ ಬಂದವರು ಅಭ್ಯಾಸಬಲದಿಂದ 37 ಇಟ್ಟುಬಿಡುತ್ತಾರೆ, ಗಮನಿಸಿ. ಇನ್‌ಕ್ಯುಬೇಟರ್ ಮುಖದ ಮೇಲಿನ ಅಂಕಿ ನಂಬಬೇಡಿ. ಒಳಗೆ ಬೇರೊಂದು ಥರ್ಮಾಮೀಟರ್ ಇಡಿ. ಮೈಕ್ರೊಸ್ಕೋಪಿನ ಬಿಸಿ ತಟ್ಟೆ 38.5 ಅಂತ ತೋರಿಸಿದರೂ ಡಿಶ್‌ನ ಒಳಗಿನ ಹನಿ ಒಂದೆರಡು ಡಿಗ್ರಿ ತಣ್ಣಗಿರುತ್ತದೆ. ಸಣ್ಣ ತಂತಿಯ ಥರ್ಮಾಮೀಟರನ್ನು ಹನಿಯೊಳಗೇ ಅದ್ದಿ ಅಳೆದು, ತಟ್ಟೆಯ ಬಿಸಿಯನ್ನು ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ.

ಆಮ್ಲಜನಕ ಶೇ 5. ಹೊರಗಿನ ಗಾಳಿಯಲ್ಲಿ ಶೇ 21 ಇದೆ. ಹಸುವಿನ ಅಂಡನಾಳದಲ್ಲಿ ಅಷ್ಟೆಲ್ಲ ಇರುವುದಿಲ್ಲ. ಆಮ್ಲಜನಕ ಜಾಸ್ತಿಯಾದರೆ ಭ್ರೂಣದ ಕೋಶಗಳೊಳಗೆ ತುಕ್ಕು ಹಿಡಿಸುವಂಥ ರಾಸಾಯನಿಕಗಳು ಹುಟ್ಟುತ್ತವೆ. ಆಮ್ಲಜನಕ ತಗ್ಗಿಸಲು ನೈಟ್ರೋಜನ್ ಬೇಕು, ಅದಕ್ಕೊಂದು ಸಿಲಿಂಡರ್ ಬೇಕು. ಖರ್ಚು ಅಂತ ಇದನ್ನು ಬಿಡುವವರಿದ್ದಾರೆ. ನನ್ನ ಮಾತು ಕೇಳುವುದಾದರೆ ಬೇರೆ ಎಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಇನ್ನು ಕಾರ್ಬನ್ ಡೈಆಕ್ಸೈಡ್. ಪುಸ್ತಕದಲ್ಲಿ ಶೇ 5 ಅಂತಲೇ ಇರುತ್ತದೆ. ಈ ಅನಿಲದ ಕೆಲಸ ಭ್ರೂಣಕ್ಕೆ ಉಸಿರು ಕೊಡುವುದಲ್ಲ. ಮೀಡಿಯಾದಲ್ಲಿರುವ ಬೈಕಾರ್ಬನೇಟ್ ಜೊತೆ ಸೇರಿ ಹುಳಿಯ ಮಟ್ಟವನ್ನು ಕಾಯುವುದು. ನಮಗೆ ಬೇಕಾದ ಪಿಎಚ್ 7.2ರಿಂದ 7.4. ಶೇ 5 ಅನ್ನುವ ಅಂಕಿ ಸಮುದ್ರ ಮಟ್ಟಕ್ಕೆ ಸರಿ. ಮಂಗಳೂರಿನಲ್ಲಿ ನಡೆಯುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇ 10ರಷ್ಟು ಕಡಿಮೆ. ಅದೇ ಶೇ 5 ಇಟ್ಟರೆ ಮೀಡಿಯಾದೊಳಗೆ ಕರಗುವ ಅನಿಲ ಕಡಿಮೆಯಾಗಿ ಪಿಎಚ್ ಮೇಲೇರುತ್ತದೆ. ಶೇ 5.5, ಕೆಲವೊಮ್ಮೆ 6ರವರೆಗೂ ಇಡಬೇಕಾಗುತ್ತದೆ. ಅಂಕಿ ನೋಡಿ ಅಲ್ಲ, ಪಿಎಚ್ ಅಳೆದು ನಿರ್ಧರಿಸಿ. ಫೀನಾಲ್ ರೆಡ್ ಹಾಕಿದ ಮೀಡಿಯಾ ಆದರೆ ಬಣ್ಣವೂ ಸುಳಿವು ಕೊಡುತ್ತದೆ. ಗುಲಾಬಿ ನೇರಳೆಗೆ ತಿರುಗಿದ್ದರೆ ಅನಿಲ ಸಾಲುತ್ತಿಲ್ಲ, ಹಳದಿಗೆ ತಿರುಗಿದ್ದರೆ ಜಾಸ್ತಿಯಾಗಿದೆ ಅಥವಾ ಬ್ಯಾಕ್ಟೀರಿಯಾ ಸೇರಿದೆ.

ಗಾಳಿಯ ವಾಸನೆಯೂ ಲೆಕ್ಕಕ್ಕೆ ಬರುತ್ತದೆ. ಫಿನಾಯಿಲ್, ಹೊಸ ಪೇಂಟ್, ಸೆಂಟು, ನುಸಿಗುಳಿಗೆ, ಸ್ಪಿರಿಟ್ಟು: ಇವುಗಳ ಆವಿ, ಹನಿ ಆರದಂತೆ ಅದರ ಮೇಲೆ ಸುರಿದ ಎಣ್ಣೆಯಲ್ಲಿ ಕರಗಿ ನಿಧಾನಕ್ಕೆ ಹನಿಗೆ ಇಳಿಯುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಲ್ಯಾಬಿನಲ್ಲಿ ಆಯುಧಪೂಜೆ ದಿನ ಎಲ್ಲ ಯಂತ್ರಗಳಿಗೂ ಸಾಂಬ್ರಾಣಿ ಹೊಗೆ ಹಾಕಿದ್ದರು. ಇನ್‌ಕ್ಯುಬೇಟರಿನೊಳಗೆ ಮೂರನೇ ದಿನದ ಭ್ರೂಣಗಳಿದ್ದವು. ಆ ಬ್ಯಾಚಿನಲ್ಲಿ ಒಂದೂ ಬ್ಲಾಸ್ಟೊಸಿಸ್ಟ್ ಬರಲಿಲ್ಲ. ಮುಂದಿನ ವರ್ಷದಿಂದ ಧೂಪ ದೀಪ ಎಲ್ಲ ಮೆಟ್ಟಿಲ ಹತ್ತಿರವೇ ಮುಗಿಯುತ್ತಿತ್ತು. ಒಳಗಿನ ಯಂತ್ರಕ್ಕೆ ಕುಂಕುಮದ ಬೊಟ್ಟು ಮಾತ್ರ.

ಕರೆಂಟು ಹೋಗುತ್ತದೆ, ಅದು ಗೊತ್ತಿದ್ದದ್ದೇ. ಯುಪಿಎಸ್ ಮತ್ತು ಜನರೇಟರ್ ಎರಡೂ ಇರಲಿ. ಸಿಲಿಂಡರ್ ಖಾಲಿಯಾಗುವುದು ಯಾವಾಗಲೂ ಶನಿವಾರ ರಾತ್ರಿಯೇ. ಒಂದು ಮುಗಿದರೆ ಇನ್ನೊಂದು ತಾನೇ ತೆರೆದುಕೊಳ್ಳುವ ವಾಲ್ವ್ ಸಿಗುತ್ತದೆ, ಹಾಕಿಸಿಕೊಳ್ಳಿ.

ಮೀಡಿಯಾದಲ್ಲಿ ಏನಿದೆ

1980ರ ದಶಕದವರೆಗೂ ಹಸುವಿನ ಭ್ರೂಣ ಡಿಶ್‌ನಲ್ಲಿ 8ರಿಂದ 16 ಕೋಶಕ್ಕೆ ಬಂದು ನಿಂತುಬಿಡುತ್ತಿತ್ತು. ಯಾಕೆ ಅಂದರೆ ಅಲ್ಲಿಯವರೆಗೆ ಅದು ತಾಯಿಯ ಅಂಡ ಕಟ್ಟಿಕೊಟ್ಟ ಬುತ್ತಿಯಲ್ಲೇ ಬದುಕುತ್ತದೆ. ಆ ಹಂತದಲ್ಲಿ ಬುತ್ತಿ ಮುಗಿದು, ಭ್ರೂಣದ ಸ್ವಂತ ಜೀನ್‌ಗಳು ಕೆಲಸ ಶುರು ಮಾಡಬೇಕು. ಸುತ್ತಲಿನ ವಾತಾವರಣ ಸರಿಯಿಲ್ಲದಿದ್ದರೆ ಈ ಹೊಸ್ತಿಲನ್ನು ದಾಟಲಾರದು. ಆಗಿನವರು ಅದನ್ನು ದಾಟಿಸಲು ಭ್ರೂಣವನ್ನು ಕುರಿಯ ಅಥವಾ ಮೊಲದ ಅಂಡನಾಳದಲ್ಲಿ ಕೆಲವು ದಿನ ಇಟ್ಟು ವಾಪಸ್ ತೆಗೆಯುತ್ತಿದ್ದರು. ಎಂಥ ತಾಳ್ಮೆ ನೋಡಿ. ಅಮೆರಿಕದಲ್ಲಿ ಮೊದಲ ಐವಿಎಫ್ ಕರು ಹುಟ್ಟಿದ್ದು 1981ರಲ್ಲಿ. ಹರಿಯಾಣದ ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ ಎನ್‌ಡಿಆರ್‌ಐನಲ್ಲಿ ‘ಪ್ರಥಮ್’ ಅನ್ನುವ ಐವಿಎಫ್ ಎಮ್ಮೆಗರು ಹುಟ್ಟಿದ್ದು 1990ರಲ್ಲಿ. ಅದು ಜಗತ್ತಿಗೇ ಮೊದಲನೆಯದು.

ಇವತ್ತು ಹೆಚ್ಚಿನ ಲ್ಯಾಬುಗಳು ಬಳಸುವುದು ಎಸ್‌ಒಎಫ್ (ಸಿಂಥೆಟಿಕ್ ಓವಿಡಕ್ಟ್ ಫ್ಲೂಯಿಡ್) ಅನ್ನುವ ಮೀಡಿಯಾ. ಕುರಿಯ ಅಂಡನಾಳದ ದ್ರವವನ್ನು ಅನುಕರಿಸಿ 1972ರಲ್ಲಿ ಟರ್ವಿಟ್ ಮತ್ತು ಸಂಗಡಿಗರು ಕಟ್ಟಿದ ಮಿಶ್ರಣದ ಮೇಲೆ ಬೆಳೆದು ಬಂದದ್ದು. ಉಪ್ಪುಗಳು, ಬೈಕಾರ್ಬನೇಟ್, ಲ್ಯಾಕ್ಟೇಟ್, ಪೈರುವೇಟ್, ಅಮಿನೊ ಆಮ್ಲಗಳು, ಆಲ್ಬುಮಿನ್ ಅನ್ನುವ ಪ್ರೋಟೀನ್. ಗ್ಲೂಕೋಸ್ ಮೊದಲ ದಿನಗಳಲ್ಲಿ ತೀರಾ ಕಡಿಮೆ ಸಾಕು, ಜಾಸ್ತಿ ಆದರೆ ತೊಂದರೆ. ಕೋಶಗಳು ಒತ್ತೊತ್ತಾಗಿ ಸೇರಿದ ನಂತರ ಭ್ರೂಣಕ್ಕೆ ಗ್ಲೂಕೋಸ್ ಬೇಕೆನಿಸುತ್ತದೆ. ಮಗುವಿಗೆ ಮೊದಲು ಹಾಲು, ಆಮೇಲೆ ರಾಗಿ ಸರಿ ಕೊಟ್ಟ ಹಾಗೆ.

ಕೈಯಾರೆ ತಯಾರಿಸುವುದಾದರೆ ನೀರು 18.2 ಮೆಗಾಓಮ್ ಶುದ್ಧತೆಯದ್ದೇ ಆಗಬೇಕು. ಆಲ್ಬುಮಿನ್ ಮಿಲಿಲೀಟರಿಗೆ 4ರಿಂದ 8 ಮಿಲಿಗ್ರಾಂ, ಕೊಬ್ಬಿನಾಮ್ಲ ತೆಗೆದದ್ದು. ಎಸೆನ್ಷಿಯಲ್ ಅಮಿನೊ ಆಮ್ಲದ ದ್ರಾವಣ ಶೇ 2, ನಾನ್-ಎಸೆನ್ಷಿಯಲ್ ಶೇ 1. ಆಸ್ಮೊಲಾಲಿಟಿ, ಅಂದರೆ ನೀರಿನಲ್ಲಿ ಕರಗಿದ ಉಪ್ಪು ಮುಂತಾದವುಗಳ ಒಟ್ಟು ಸಾಂದ್ರತೆ, ಕಿಲೋಗ್ರಾಂಗೆ 270ರಿಂದ 280 ಮಿಲಿಆಸ್ಮೋಲ್ ನಡುವೆ. ಗ್ಲುಟಮಿನ್ ಬಿಸಿಯಲ್ಲಿ ಒಡೆದು ಅಮೋನಿಯಾ ಬಿಡುತ್ತದೆ. ಅದರ ಬದಲು ಅಲನೈಲ್-ಗ್ಲುಟಮಿನ್ ಹಾಕುವುದು ಒಳ್ಳೆಯದು. ಕಲಿಯುವ ಹಂತದಲ್ಲಿರುವವರಿಗೆ ನನ್ನ ಸಲಹೆ: ಮೊದಲ ಆರು ತಿಂಗಳು ರೆಡಿಮೇಡ್ ಮೀಡಿಯಾ ಕೊಳ್ಳಿ. ತಪ್ಪು ಎಲ್ಲಿ ಆಗುತ್ತಿದೆ ಅಂತ ಹುಡುಕುವಾಗ ಅನುಮಾನಪಡಬೇಕಾದ ಒಂದು ವಿಷಯವಾದರೂ ಕಡಿಮೆಯಾಗುತ್ತದೆ.

ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಹಾಕಬೇಕಾ ಬೇಡವಾ? ಹಾಕಿದರೆ ಭ್ರೂಣ ಬೇಗ ಬೆಳೆಯುತ್ತದೆ, ಏಳನೇ ದಿನದ ಎಣಿಕೆಯೂ ಚೆನ್ನಾಗಿ ಕಾಣುತ್ತದೆ. ಆದರೆ ಕೋಶಗಳಲ್ಲಿ ಕೊಬ್ಬು ತುಂಬಿ ಭ್ರೂಣ ಕಪ್ಪಗಾಗುತ್ತದೆ, ಫ್ರೀಜ್ ಮಾಡಿದರೆ ಉಳಿಯುವುದು ಕಷ್ಟ. 1990ರ ದಶಕದಲ್ಲಿ ಸೀರಮ್ ಜಾಸ್ತಿ ಬಳಸಿದ ಲ್ಯಾಬುಗಳಿಂದ ಅತಿ ತೂಕದ ಕರುಗಳು ಹುಟ್ಟಿ, ಹಸುಗಳು ಈಯಲು ಒದ್ದಾಡಿದ್ದು ದಾಖಲಾಗಿದೆ. ನಾನು ಆಲ್ಬುಮಿನ್ ಮಾತ್ರ ಹಾಕುತ್ತೇನೆ. ಎಣಿಕೆ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ.

ಹಿಂದಿನ ದಿನ ಡಿಶ್ ಹಾಕುವುದು

ಬುಧವಾರ ಬೆಳಗ್ಗೆ ಭ್ರೂಣ ಹಾಕಬೇಕು ಅಂದರೆ ಮಂಗಳವಾರ ಸಂಜೆ ಡಿಶ್ ತಯಾರಾಗಿ ಇನ್‌ಕ್ಯುಬೇಟರಿನೊಳಗೆ ಇರಬೇಕು. ಕನಿಷ್ಠ ನಾಲ್ಕು ಗಂಟೆ, ರಾತ್ರಿಯಿಡೀ ಆದರೆ ಇನ್ನೂ ಒಳ್ಳೆಯದು. ಎಣ್ಣೆಯ ಪದರ ದಾಟಿ ಅನಿಲ ಹನಿಗೆ ಇಳಿಯಲು ಅಷ್ಟು ಹೊತ್ತು ಬೇಕು.

ಡಿಶ್ ಹಾಕುವ ಕ್ರಮ ಹೀಗೆ:

1. ಫ್ಯಾನ್ ಆರಿಸಿ. ಎಸಿ ಗಾಳಿ ಮೇಜಿನ ಮೇಲೆ ನೇರ ಬೀಳದಿರಲಿ. ಸಣ್ಣ ಹನಿ ಒಂದು ನಿಮಿಷದಲ್ಲೇ ಆವಿಯಾಗಿ ಉಪ್ಪು ಜಾಸ್ತಿಯಾಗುತ್ತದೆ.
2. ಡಿಶ್‌ನ ತಳದ ಹೊರಭಾಗದಲ್ಲಿ ಹಸುವಿನ ಗುರುತು, ಹೋರಿಯ ಗುರುತು, ತಾರೀಖು ಬರೆಯಿರಿ. ಮುಚ್ಚಳದ ಮೇಲೆ ಬೇಡ. ಮುಚ್ಚಳಗಳು ಅದಲು ಬದಲಾಗುತ್ತವೆ. ಸ್ಪಿರಿಟ್ ಮಾರ್ಕರ್ ಬೇಡ, ಪೆನ್ಸಿಲ್ ಅಥವಾ ಸೂಜಿಯಲ್ಲಿ ಕೆತ್ತಿ.
3. ಮೊದಲು 10 ಮೈಕ್ರೊಲೀಟರಿನ ಪುಟ್ಟ ಹನಿಗಳನ್ನು ಇಡಿ. ತಕ್ಷಣ ಎಣ್ಣೆ ಸುರಿಯಿರಿ. ಆಮೇಲೆ ಎಣ್ಣೆಯೊಳಗಿನಿಂದಲೇ ಪಿಪೆಟ್ ಇಳಿಸಿ ಹನಿಯನ್ನು 50 ಮೈಕ್ರೊಲೀಟರಿಗೆ ದೊಡ್ಡದು ಮಾಡಿ. 35 ಮಿಲಿಮೀಟರ್ ಡಿಶ್‌ಗೆ ಸುಮಾರು 3 ಮಿಲಿಲೀಟರ್ ಎಣ್ಣೆ ಸಾಕು. ಹನಿ ಪೂರ್ತಿ ಮುಳುಗಿರಬೇಕು.
4. ಬೆಳೆಸುವ ಹನಿಗಳ ಜೊತೆ ತೊಳೆಯುವುದಕ್ಕೆ ಅಂತ ಮೂರು ಹನಿ ಬೇರೆ ಇಡಿ.

ಎಣ್ಣೆ ಅಂದರೆ ಭ್ರೂಣಕ್ಕೆ ಅಂತಲೇ ಪರೀಕ್ಷೆ ಮಾಡಿದ ಖನಿಜ ಎಣ್ಣೆ. ಬೆಳಕು ಬಿದ್ದರೆ, ಬಿಸಿಯಾದರೆ ಅದರಲ್ಲಿ ಪೆರಾಕ್ಸೈಡ್ ಹುಟ್ಟುತ್ತದೆ. ಬಾಟಲಿಯನ್ನು ಕತ್ತಲಲ್ಲಿ ಇಡಿ. ಬಾಟಲಿ ತೆರೆದ ದಿನ ಬರೆದಿಡಿ. ಮೀಡಿಯಾ, ಅನಿಲ, ವೀರ್ಯ ಎಲ್ಲ ಸರಿ ಇದ್ದೂ ಭ್ರೂಣ ಬೆಳೆಯದಿದ್ದಾಗ ನಾನು ಮೊದಲು ಬದಲಿಸುವುದು ಎಣ್ಣೆ ಬಾಟಲಿಯನ್ನೇ.

ಒಂದನೇ ದಿನ: ಸುತ್ತಲಿನ ಕೋಶ ಬಿಡಿಸುವುದು

ವೀರ್ಯ ಸೇರಿಸಿ 18–20 ಗಂಟೆ ಆಗಿದೆ. ಅಂಡಗಳ ಸುತ್ತ ಕ್ಯುಮುಲಸ್ ಕೋಶಗಳು ಹತ್ತಿಯ ಹಾಗೆ ಉಬ್ಬಿಕೊಂಡು, ವೀರ್ಯಾಣುಗಳು ಅಂಟಿಕೊಂಡು ಕೂತಿರುತ್ತವೆ. ಇವನ್ನು ಬಿಡಿಸಬೇಕು. ಇಲ್ಲದಿದ್ದರೆ ಸತ್ತ ಕೋಶ, ಸತ್ತ ವೀರ್ಯಾಣು ಸೇರಿ ಹನಿ ಗಲೀಜಾಗುತ್ತದೆ.

ಜಾಸ್ತಿ ಅಂಡ ಇದ್ದರೆ ಹೆಪಿಸ್ (ಹೊರಗಿನ ಗಾಳಿಯಲ್ಲೂ ಪಿಎಚ್ ಕಾಯುವ ರಾಸಾಯನಿಕ) ಸೇರಿಸಿದ ಬೆಚ್ಚನೆಯ ಮೀಡಿಯಾ ಕಾಲು ಮಿಲಿಲೀಟರಿನಷ್ಟು ಚೂಪು ತಳದ ಟ್ಯೂಬಿಗೆ ಹಾಕಿ, ಅಂಡ ಸೇರಿಸಿ, ಟ್ಯೂಬನ್ನು ಗಿರಗಿರನೆ ಅಲುಗಿಸುವ ವೋರ್ಟೆಕ್ಸ್ ಯಂತ್ರದ ಮೇಲೆ ಎರಡರಿಂದ ಮೂರು ನಿಮಿಷ ಹಿಡಿಯಿರಿ. ಆಮೇಲೆ ಟ್ಯೂಬಿನ ಗೋಡೆಯನ್ನು ಎರಡು ಸಲ ತೊಳೆದು ಎಲ್ಲವನ್ನೂ ಡಿಶ್‌ಗೆ ಸುರಿದು ಹುಡುಕಿ. ಎಣಿಸಿ. ಹಾಕಿದಷ್ಟು ಸಿಗದಿದ್ದರೆ ಟ್ಯೂಬ್ ಮತ್ತೆ ತೊಳೆಯಿರಿ. ಗೋಡೆಗೆ ಅಂಟಿಕೊಂಡು ಉಳಿಯುವುದು ಮಾಮೂಲು.

ಒಪಿಯುನ ಏಳೆಂಟು ಅಂಡಕ್ಕೆ ವೋರ್ಟೆಕ್ಸ್ ಬೇಡ ಅನ್ನುತ್ತೇನೆ. ತೆಳು ಪಿಪೆಟ್‌ನಲ್ಲಿ ಮೇಲೆ ಕೆಳಗೆ ಎಳೆದು ಬಿಟ್ಟು ಕೈಯಲ್ಲೇ ಬಿಡಿಸಿ. ಜೋನಾ ಅನ್ನುವ ಹೊರಗಿನ ಪಾರದರ್ಶಕ ಪದರ ಸಮೇತ ಹಸುವಿನ ಅಂಡ ಸುಮಾರು 150 ಮೈಕ್ರೊಮೀಟರ್. ಪಿಪೆಟ್ ಬಾಯಿ ಅದಕ್ಕಿಂತ ಸ್ವಲ್ಪ ಅಗಲ ಇರಲಿ, ಕಿರಿದಾದರೆ ಅಂಡ ಹಿಂಡಿ ಹೋಗುತ್ತದೆ. ಕೋಶ ಒಂದೂ ಇಲ್ಲದಂತೆ ಉಜ್ಜಿ ಹೊಳೆಯಿಸುವ ಆಸೆ ಬೇಡ. ಒಂದೆರಡು ಅಂಟಿಕೊಂಡಿದ್ದರೆ ಏನೂ ಆಗುವುದಿಲ್ಲ.

ತೊಳೆಯುವ ಮೂರು ಹನಿ ದಾಟಿಸಿ ಬೆಳೆಸುವ ಹನಿಗೆ ಹಾಕಿ. ಪ್ರತಿ ಸಲವೂ ಆದಷ್ಟು ಕಡಿಮೆ ದ್ರವ ಎಳೆಯಿರಿ. ಇಲ್ಲದಿದ್ದರೆ ತೊಳೆದೂ ತೊಳೆಯದ ಹಾಗೆ. 50 ಮೈಕ್ರೊಲೀಟರ್ ಹನಿಗೆ 20ರಿಂದ 25 ಅಂಡ. ಇವು ಒಬ್ಬಂಟಿಯಾಗಿ ಅಷ್ಟಾಗಿ ಬೆಳೆಯುವುದಿಲ್ಲ, ಗುಂಪಿನಲ್ಲಿದ್ದರೆ ಚೆನ್ನಾಗಿ ಬೆಳೆಯುತ್ತವೆ. ಒಂದರಿಂದ ಹೊರಬಂದದ್ದು ಇನ್ನೊಂದಕ್ಕೆ ನೆರವಾಗುತ್ತದೆ. ಏಳೆಂಟೇ ಅಂಡ ಇದ್ದರೆ ಹನಿಯನ್ನೇ 15–20 ಮೈಕ್ರೊಲೀಟರಿಗೆ ಇಳಿಸಿ. ನಾಲ್ಕು ಜನರ ಮನೆಗೆ ಛತ್ರ ಯಾಕೆ, ಅಲ್ವಾ?

ಈ ಇಡೀ ಕೆಲಸ ಇನ್‌ಕ್ಯುಬೇಟರಿನ ಹೊರಗೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಫೋನ್ ದೂರ ಇಡಿ.

ಎರಡು–ಮೂರನೇ ದಿನ: ಒಡೆದವೆಷ್ಟು

ಭ್ರೂಣ ಒಡೆಯುವ ವೇಗ ಹೀಗಿರುತ್ತದೆ. ವೀರ್ಯ ಸೇರಿಸಿ 30 ಗಂಟೆಯ ಸುಮಾರಿಗೆ ಎರಡು ಕೋಶ. ಎರಡು ದಿನ ತುಂಬುವ ಹೊತ್ತಿಗೆ ನಾಲ್ಕು, ಚುರುಕಾದವು ಎಂಟು. ಮೂರನೇ ದಿನಕ್ಕೆ ಎಂಟು, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ. ನಾನು ಮೂರನೇ ದಿನ ಒಂದೇ ಸಲ ನೋಡುತ್ತೇನೆ. ಮೂರನೇ ದಿನವೂ ಎರಡೇ ಕೋಶದಲ್ಲಿ ಕೂತಿರುವುದು ಮುಂದೆ ಹೋಗುವುದಿಲ್ಲ.

ಒಡೆದದ್ದು ಶೇ 75–85 ಇದ್ದರೆ ಎಲ್ಲ ಸರಿ ನಡೆದಿದೆ. ಕೋಶಗಳು ಒಂದೇ ಗಾತ್ರ ಇರಬೇಕು. ಚಿಕ್ಕ ದೊಡ್ಡ ಚೂರುಗಳ ಗೊಂಚಲು ಕಂಡರೆ ಅದು ಒಡೆದದ್ದಲ್ಲ, ಪುಡಿಯಾದದ್ದು. ಹೊಸಬರು ಇವನ್ನೂ ಸೇರಿಸಿ ಎಣಿಸಿ ಖುಷಿಪಡುತ್ತಾರೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಒಡೆಯುವುದೇ ಕಡಿಮೆಯಾಗಿದ್ದರೆ ತಪ್ಪು ಬೆಳೆಸುವುದರಲ್ಲಿಲ್ಲ, ಹಿಂದಿದೆ. ಅಂಡ ಸರಿಯಾಗಿ ಬಲಿತಿಲ್ಲ, ಅಥವಾ ವೀರ್ಯದ ಸಮಸ್ಯೆ. ಊರಲ್ಲೆಲ್ಲ ಕೃತಕ ಗರ್ಭಧಾರಣೆಗೆ ಹೆಸರಾದ ಹೋರಿ ಡಿಶ್‌ನಲ್ಲಿ ಪೂರ್ತಿ ಕೈ ಕೊಡಬಹುದು. ಹೋರಿಯಿಂದ ಹೋರಿಗೆ ಹೆಪಾರಿನ್ (ವೀರ್ಯಾಣುವನ್ನು ಅಂಡದೊಳಗೆ ಹೋಗಲು ಸಿದ್ಧಗೊಳಿಸುವ ವಸ್ತು) ಪ್ರಮಾಣ, ವೀರ್ಯಾಣುಗಳ ಸಾಂದ್ರತೆ ಬದಲಿಸಿ ನೋಡಬೇಕಾಗುತ್ತದೆ. ಹೆಣ್ಣು ಕರುವಿಗಾಗಿ ಬೇರ್ಪಡಿಸಿದ ವೀರ್ಯ ಬಳಸಿದರೆ ಎಣಿಕೆ ಇನ್ನೂ ಸ್ವಲ್ಪ ಇಳಿಯುತ್ತದೆ ಅಂತ ಮೊದಲೇ ಮನಸ್ಸಿಗೆ ಹೇಳಿಕೊಳ್ಳಿ.

ಚೆನ್ನಾಗಿ ಒಡೆದು, ಎಂಟು ಹದಿನಾರಕ್ಕೆ ಎಲ್ಲವೂ ನಿಂತರೆ ಆಗ ನಿಮ್ಮ ಡಿಶ್, ಎಣ್ಣೆ, ಅನಿಲ, ಮೀಡಿಯಾ ಕಡೆ ತಿರುಗಿ ನೋಡಿ. ಅನುಮಾನ ಬಗೆಹರಿಯದಿದ್ದರೆ ಒಂದು ಪರೀಕ್ಷೆ ಇದೆ. ಕಲಿಯಲು ತಂದ ಎಮ್ಮೆಯ ಅಂಡಗಳಲ್ಲಿ ಕೆಲವನ್ನು ವೀರ್ಯ ಇಲ್ಲದೆ, ಅಯನೊಮೈಸಿನ್ ಮತ್ತು 6-ಡಿಎಂಎಪಿ ಅನ್ನುವ ರಾಸಾಯನಿಕ ಬಳಸಿ ಒಡೆಯುವಂತೆ ಎಬ್ಬಿಸಿ, ಅದೇ ಡಿಶ್‌ನಲ್ಲಿ ಬೆಳೆಸಿ. ಅವು ಬ್ಲಾಸ್ಟೊಸಿಸ್ಟ್ ಆದರೆ ನಿಮ್ಮ ಮೀಡಿಯಾ, ಎಣ್ಣೆ ಸರಿ ಇವೆ, ಸಮಸ್ಯೆ ವೀರ್ಯದ ಅಥವಾ ಹಸುವಿನ ಅಂಡದ ಕಡೆ ಇರಬಹುದು. ಕರು ಆಗದ ಭ್ರೂಣಗಳು ಅವು, ಪರೀಕ್ಷೆಗೆ ಮಾತ್ರ.

ಮೂರನೇ ದಿನ ಅರ್ಧ ಮೀಡಿಯಾ ಬದಲಿಸುವ ಪದ್ಧತಿ ಕೆಲವು ಲ್ಯಾಬುಗಳಲ್ಲಿದೆ. ಕೂಡಿಬಿದ್ದ ಅಮೋನಿಯಾ ತೆಗೆಯಲು ಒಳ್ಳೆಯ ಉಪಾಯವೇ. ಬದಲಿಸುವುದಾದರೆ ಹೊಸ ಮೀಡಿಯಾ ಕೂಡ ಹಿಂದಿನ ರಾತ್ರಿಯಿಂದ ಇನ್‌ಕ್ಯುಬೇಟರಿನಲ್ಲೇ ಇದ್ದದ್ದಾಗಿರಬೇಕು.

ನಾಲ್ಕರಿಂದ ಆರು: ಮುಟ್ಟಬೇಡಿ

ಐದನೇ ದಿನದ ಹೊತ್ತಿಗೆ ಕೋಶಗಳು ಒಂದಕ್ಕೊಂದು ಬಿಗಿದುಕೊಂಡು ಗಡಿಯೇ ಕಾಣದ ಮುದ್ದೆಯಾಗುತ್ತವೆ. ಅದು ಮೊರುಲಾ. ಆರರಲ್ಲಿ ಒಳಗೆ ನೀರು ತುಂಬಲು ಶುರು. ನೋಡಲು ಚೆನ್ನ, ಹೌದು. ನೋಡಬೇಡಿ.

ಏಳನೇ ದಿನ

ಬ್ಲಾಸ್ಟೊಸಿಸ್ಟ್ ಅಂದರೆ ಒಳಗೆ ಟೊಳ್ಳು, ಒಂದು ಮೂಲೆಯಲ್ಲಿ ಕೋಶಗಳ ಗಂಟು, ಹೊರಗೆ ಕೋಶಗಳ ತೆಳುವಾದ ಗೋಡೆ. ಗಂಟು ಕರುವಾಗುತ್ತದೆ, ಗೋಡೆ ಮಾಸು ಆಗುತ್ತದೆ. ಎಲ್ಲ ಸೇರಿ ನೂರರ ಆಸುಪಾಸು ಕೋಶ. ಹಾಕಿದ ಅಂಡಗಳಲ್ಲಿ ಶೇ 30–40 ಇಲ್ಲಿಗೆ ತಲುಪಿದರೆ ಒಳ್ಳೆಯ ಲ್ಯಾಬ್ ಅನ್ನುತ್ತೇವೆ. ಇಪ್ಪತ್ತು ಅಂಡ ಹಾಕಿದರೆ ಆರರಿಂದ ಎಂಟು. ಒಪಿಯು ಮಾಡಿಸಿದ ರೈತರಿಗೆ ಈ ಲೆಕ್ಕ ಮೊದಲೇ ಹೇಳಿಬಿಡಿ, ಇಪ್ಪತ್ತು ಕರು ಬರುತ್ತವೆ ಅಂತ ಕಾಯುತ್ತಾ ಕೂರಬಾರದು.

ಗುರುತಿಸಲು ಅಂತಾರಾಷ್ಟ್ರೀಯ ಭ್ರೂಣ ಸಂಸ್ಥೆ ಐಇಟಿಎಸ್‌ನ ಅಂಕಿಗಳಿವೆ. ಹಂತಕ್ಕೆ 1ರಿಂದ 9, ಗುಣಕ್ಕೆ 1ರಿಂದ 4. ಹಂತ 4 ಮೊರುಲಾ, 5 ಎಳೆ ಬ್ಲಾಸ್ಟೊಸಿಸ್ಟ್, 6 ಬ್ಲಾಸ್ಟೊಸಿಸ್ಟ್, 7 ಹಿಗ್ಗಿದ್ದು, 8 ಜೋನಾ ಬಿಟ್ಟು ಹೊರಬಂದದ್ದು. ಗುಣದಲ್ಲಿ 1 ಉತ್ತಮ, 4 ಸತ್ತದ್ದು. ನಾನು ಹುಡುಕುವುದು 6 ಅಥವಾ 7ನೇ ಹಂತದ, ಗುಣ 1ರ ಭ್ರೂಣ. ಗಂಟು ಸ್ಪಷ್ಟ ಕಾಣಬೇಕು. ಗೋಡೆ ಸಮನಾಗಿರಬೇಕು. ಹಿಗ್ಗಿದ್ದಕ್ಕೆ ಜೋನಾ ತೆಳ್ಳಗಾಗಿರಬೇಕು. ಹೊರಗೆ ಬಿದ್ದ ಚೂರುಗಳು ಕಡಿಮೆ ಇರಬೇಕು.

ಒಂದು ಎಚ್ಚರಿಕೆ. ಡಿಶ್‌ನಲ್ಲಿ ಗಂಡು ಭ್ರೂಣ ಹೆಣ್ಣಿಗಿಂತ ಸ್ವಲ್ಪ ಚುರುಕಾಗಿ ಬೆಳೆಯುತ್ತದೆ. ಮಾಮೂಲಿ ವೀರ್ಯ ಬಳಸಿ, ಎಲ್ಲಕ್ಕಿಂತ ದೊಡ್ಡದಾಗಿ ಹಿಗ್ಗಿದವನ್ನೇ ಆರಿಸುತ್ತಾ ಹೋದರೆ ಹೋರಿಗರುಗಳೇ ಜಾಸ್ತಿಯಾಗುತ್ತವೆ. ಹಾಲಿನ ಹಸುವಿಗಾಗಿ ದುಡ್ಡು ಕೊಟ್ಟವರಿಗೆ ಉತ್ತರ ಹೇಳಬೇಕಾದವರು ನೀವೇ.

ಇನ್ನೊಂದು ಮಾತು ನಾನು ತಡವಾಗಿ ಕಲಿತದ್ದು. ಎಷ್ಟು ಬ್ಲಾಸ್ಟೊಸಿಸ್ಟ್ ಬರುತ್ತವೆ ಅನ್ನುವುದನ್ನು ಹೆಚ್ಚಾಗಿ ನಿರ್ಧರಿಸುವುದು ಅಂಡ. ಬಂದವು ಎಷ್ಟು ಗಟ್ಟಿ ಅನ್ನುವುದನ್ನು ನಿರ್ಧರಿಸುವುದು ನಾವು ಬೆಳೆಸಿದ ರೀತಿ. ಫಲಗೊಂಡ ಅಂಡಗಳನ್ನು ಕುರಿಯ ಅಂಡನಾಳದಲ್ಲೂ ಡಿಶ್‌ನಲ್ಲೂ ಬೆಳೆಸಿ ಹೋಲಿಸಿದ ಪ್ರಯೋಗಗಳಲ್ಲಿ ಎಣಿಕೆ ಹೆಚ್ಚುಕಡಿಮೆ ಒಂದೇ ಬಂದಿತ್ತು. ಫ್ರೀಜ್ ಮಾಡಿ ಕರಗಿಸಿದಾಗ ಬದುಕಿ ಉಳಿದದ್ದು ಮಾತ್ರ ಅಂಡನಾಳದ್ದೇ ಜಾಸ್ತಿ. ಹಾಗಾಗಿ ಬಡಕಲು ಹಸುವಿನಿಂದ ಬಂದ ಅಂಡಕ್ಕೆ ಮೀಡಿಯಾ ಬದಲಿಸಿ ಪ್ರಯೋಜನವಿಲ್ಲ. ಮೇವು, ಖನಿಜ ಮಿಶ್ರಣ ಸರಿಮಾಡಿ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಒಪಿಯು ಮಾಡಿ.

ಸ್ಟ್ರಾಗೆ ತುಂಬುವುದು

ಆರಿಸಿದ ಭ್ರೂಣಗಳನ್ನು ಹೊಸ ಹನಿಗಳಲ್ಲಿ ಹತ್ತು ಸಲ ತೊಳೆಯಿರಿ, ಪ್ರತಿ ಸಲವೂ ಹೊಸ ಪಿಪೆಟ್ ತುದಿ. ರೋಗಾಣು ಒಂದು ಹಿಂಡಿನಿಂದ ಇನ್ನೊಂದು ಹಿಂಡಿಗೆ ದಾಟದಿರಲಿ ಅಂತ ಈ ನಿಯಮ. ಬೇರೆ ಬೇರೆ ಹಸುಗಳ ಭ್ರೂಣ ಒಟ್ಟಿಗೆ ತೊಳೆಯಬೇಡಿ.

0.25 ಮಿಲಿಲೀಟರ್ ಸ್ಟ್ರಾನಲ್ಲಿ ಮೀಡಿಯಾ, ಗಾಳಿಗುಳ್ಳೆ, ಭ್ರೂಣ ಇರುವ ಮೀಡಿಯಾ, ಗಾಳಿಗುಳ್ಳೆ, ಮತ್ತೆ ಮೀಡಿಯಾ. ಈ ಕ್ರಮದಲ್ಲಿ ಎಳೆದು ಮುಚ್ಚಿ. ಭ್ರೂಣ ನಡುವಿನ ಭಾಗದಲ್ಲಿದೆ ಅಂತ ಮೈಕ್ರೊಸ್ಕೋಪಿನಲ್ಲಿ ಮತ್ತೆ ನೋಡಿ. ಖಾಲಿ ಸ್ಟ್ರಾ ಹಾಕಿ, ಎರಡು ತಿಂಗಳು ಗಬ್ಬಕ್ಕಾಗಿ ಕಾದ ಕಥೆಗಳು ಈ ಕ್ಷೇತ್ರದಲ್ಲಿ ಕಡಿಮೆಯೇನಿಲ್ಲ. ಕೊಟ್ಟಿಗೆಗೆ ಒಯ್ಯುವಾಗ ಬೆಚ್ಚಗಿನ ಒಯ್ಯುವ ಇನ್‌ಕ್ಯುಬೇಟರ್ ಬೇಕು. ಹೊರುವ ಹಸುವಿನ ಸಿಎಲ್ (ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಮೂಡುವ ಗಂಟು) ಯಾವ ಬದಿಯಲ್ಲಿದೆಯೋ ಅದೇ ಬದಿಯ ಗರ್ಭಕೋಶದ ಕೊಂಬಿಗೆ ಭ್ರೂಣ ಇಳಿಯಬೇಕು.

ಹೊರುವ ಹಸು ಸಾಲದಿದ್ದರೆ ಫ್ರೀಜ್. ನಿಧಾನ ವಿಧಾನದಲ್ಲಿ 1.5 ಮೋಲಾರ್ ಎಥಿಲೀನ್ ಗ್ಲೈಕಾಲ್‌ನಲ್ಲಿಟ್ಟು, ಮೈನಸ್ 6ರ ಹತ್ತಿರ ಹರಳು ಕಟ್ಟಿಸಿ, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಮೈನಸ್ 32–35ಕ್ಕೆ ಇಳಿಸಿ, ದ್ರವ ನೈಟ್ರೋಜನ್‌ಗೆ ಅದ್ದುತ್ತಾರೆ. ಇದರಲ್ಲಿ ಕರಗಿಸಿ ನೇರ ಹಾಕಬಹುದು, ಹಳ್ಳಿಗೆ ಅನುಕೂಲ. ಹರಳು ಕಟ್ಟಲು ಬಿಡದೆ ತಟ್ಟನೆ ತಣಿಸುವ ವಿಟ್ರಿಫಿಕೇಶನ್‌ನಲ್ಲಿ ಬದುಕುವುದು ಜಾಸ್ತಿ, ಆದರೆ ಕರಗಿಸಲು ಮೈಕ್ರೊಸ್ಕೋಪ್ ಮತ್ತು ಪಳಗಿದ ಕೈ ಕೊಟ್ಟಿಗೆಯಲ್ಲೇ ಇರಬೇಕು. ಗುಣ 1ರದ್ದನ್ನು ಮಾತ್ರ ಫ್ರೀಜ್ ಮಾಡಿ. ಗುಣ 2ರದ್ದನ್ನು ಅವತ್ತೇ ಹಾಕಿಬಿಡಿ.

ಉಳಿದವು

ಏಳನೇ ದಿನ ಆರಿಸಿಕೊಂಡ ಮೇಲೆ ಡಿಶ್ ಎಸೆಯಬೇಡಿ. ನಿಧಾನದವು ಎಂಟನೇ ದಿನ ಬರುತ್ತವೆ, ಅವುಗಳಲ್ಲೂ ಗಬ್ಬ ನಿಲ್ಲುತ್ತದೆ, ಸ್ವಲ್ಪ ಕಡಿಮೆ ಅಷ್ಟೆ. ಉಪಯೋಗಕ್ಕೆ ಬಾರದ ಕೆಲವನ್ನು ಒಂಬತ್ತನೇ ದಿನದವರೆಗೂ ಬಿಟ್ಟು, ಎಷ್ಟು ಜೋನಾ ಒಡೆದು ಹೊರಬಂದವು ಅಂತ ಎಣಿಸಿ. ಈ ಸಂಖ್ಯೆ ಇಳಿಯುತ್ತಾ ಹೋದರೆ ಏಳನೇ ದಿನದ ಎಣಿಕೆ ಚೆನ್ನಾಗಿದ್ದರೂ ನಿಮ್ಮ ಡಿಶ್‌ನಲ್ಲಿ ಏನೋ ಕೆಡುತ್ತಿದೆ ಅಂತ ಅರ್ಥ.

ರಿಜಿಸ್ಟರಿನಲ್ಲಿ ಹಸು, ಹೋರಿ, ಅಂಡ, ಒಡೆದದ್ದು, ಏಳನೇ ದಿನ, ಎಂಟನೇ ದಿನ, ಹೊರಬಂದದ್ದು ಬರೆಯಿರಿ. ಅದೇ ಸಾಲಿನಲ್ಲಿ ಮೀಡಿಯಾ ಬ್ಯಾಚ್, ಎಣ್ಣೆ ಬಾಟಲಿ, ಸಿಲಿಂಡರ್ ಬದಲಿಸಿದ ದಿನವೂ ಇರಲಿ. ಇನ್‌ಕ್ಯುಬೇಟರ್ ಬಾಗಿಲು ಎಷ್ಟು ಸಲ ತೆಗೆದಿರಿ ಅನ್ನುವುದಕ್ಕೂ ಒಂದು ಕಾಲಂ ಹಾಕಿ. ನಮ್ಮಲ್ಲಿ ಆ ಕಾಲಂ ಬಂದ ತಿಂಗಳೇ ಬಾಗಿಲು ತೆಗೆಯುವುದು ಅರ್ಧಕ್ಕಿಳಿಯಿತು.